ನೋಕಿಯಾ 808 ಪ್ಯೂರ್‌ವ್ಯೂ: ಆರೋಪಪಟ್ಟಿಯಲ್ಲಿ ಹುರುಳೆಷ್ಟು?

ನೋಕಿಯಾ 808 ಪ್ಯೂರ್‌ವ್ಯೂ ಹೆಸರೆತ್ತಿದರೆ ಇವತ್ತಿಗೂ ಒಂದೇ ತೀರ್ಪು ಕೇಳಿಬರುತ್ತದೆ. ಕ್ಯಾಮೆರಾ ಪರವಾಗಿಲ್ಲ, ಫೋನು ಮಾತ್ರ ಕೆಟ್ಟದ್ದು, ಒಟ್ಟಿನಲ್ಲಿ ಅದು ದಾರಿ ತಪ್ಪಿದ ಪ್ರಯತ್ನ. 2012ರ ಫೆಬ್ರವರಿಯಲ್ಲಿ ಬಾರ್ಸಿಲೋನಾದ ಮೊಬೈಲ್ ವರ್ಲ್ಡ್ ಕಾಂಗ್ರೆಸ್‌ನಲ್ಲಿ ಈ ಫೋನು ಅನಾವರಣಗೊಂಡಿತು; ಆ ಮೇಳದ ಅತ್ಯುತ್ತಮ ಹೊಸ ಸಾಧನ ಎಂಬ ಪ್ರಶಸ್ತಿಯೂ ಅದಕ್ಕೇ ಬಂತು. ತೀರ್ಪು ಮಾತ್ರ ಬದಲಾಗಲಿಲ್ಲ. ಈ ಫೋನನ್ನು ಬಹುಕಾಲ ಬಳಸಿದವನಾಗಿ ನಾನು ಆ ತೀರ್ಪಿನ ಹಿಂದಿರುವ ಆರೋಪಗಳನ್ನು ಒಂದೊಂದಾಗಿ ಓದುಗರ ಮುಂದಿಡುತ್ತೇನೆ. ರಿಯಾಯಿತಿ ಬೇಡ. ಬೇರೆ ಫೋನುಗಳನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೀರೋ ಅದರಿಂದಲೇ ಇದನ್ನೂ ಅಳೆಯಿರಿ, ಸಾಕು.

ಮೊದಲ ಆರೋಪ ಎಲ್ಲರ ಬಾಯಲ್ಲೂ ಇರುವಂಥದ್ದು. 41 ಮೆಗಾಪಿಕ್ಸೆಲ್ ಎಂಬುದು ಗಿರಾಕಿಗಳನ್ನು ಮರುಳು ಮಾಡುವ ಸಂಖ್ಯೆ. ಪುಟ್ಟ ಸೆನ್ಸರಿನ ಮೇಲೆ ಅಷ್ಟೊಂದು ಪಿಕ್ಸೆಲ್ ತುರುಕಿದರೆ ಒಂದೊಂದೂ ತೀರಾ ಸಣ್ಣದಾಗಿ, ಬೆಳಕು ಸಾಲದೆ, ಚಿತ್ರದ ತುಂಬ ಕಾಳು ಎದ್ದು ಕಾಣುತ್ತದೆ ಎಂಬ ವಾದ. ತತ್ವವೇನೋ ಸರಿ. ಆದರೆ ಅದು ಅನ್ವಯಿಸಬೇಕಾದರೆ ಸೆನ್ಸರ್ ಪುಟ್ಟದಾಗಿರಬೇಕಲ್ಲ? 808ರ ಸೆನ್ಸರಿನ ಅಳತೆ 1/1.2 ಇಂಚು, ಅಂದರೆ ಸುಮಾರು 10.7 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಎತ್ತರ. ಆ ಹೊತ್ತಿನಲ್ಲಿ ಎಲ್ಲರೂ ಮಾದರಿಯೆಂದು ತೋರಿಸುತ್ತಿದ್ದ ಐಫೋನ್ 4ಎಸ್‌ನದು 1/3.2 ಇಂಚು. ವಿಸ್ತೀರ್ಣದಲ್ಲಿ 808ರದ್ದು ಅದಕ್ಕಿಂತ ಐದು ಪಟ್ಟಿಗೂ ಹೆಚ್ಚು ದೊಡ್ಡದು. ಈಗ ಒಂದೊಂದು ಪಿಕ್ಸೆಲ್‌ನ ಗಾತ್ರ ನೋಡೋಣ: 808ರಲ್ಲಿ 1.4 ಮೈಕ್ರಾನ್, 8 ಮೆಗಾಪಿಕ್ಸೆಲ್‌ನ 4ಎಸ್‌ನಲ್ಲೂ 1.4 ಮೈಕ್ರಾನ್. ತುರುಕಿದ್ದಾದರೂ ಎಲ್ಲಿ? ಪಿಕ್ಸೆಲ್ ಸಣ್ಣದೆಂಬ ಕಾರಣಕ್ಕೆ 808 ತಿರಸ್ಕಾರಯೋಗ್ಯವಾದರೆ, ಅದೇ ಕಾರಣಕ್ಕೆ 4ಎಸ್ ಕೂಡ ತಿರಸ್ಕಾರಯೋಗ್ಯವೇ. ಹಾಗೆ ಬರೆದ ಒಬ್ಬ ವಿಮರ್ಶಕನನ್ನೂ ನಾನು ಕಂಡಿಲ್ಲ.

ಈ ವಾದ ಬಿದ್ದ ಮರುಗಳಿಗೆಯೇ ಎರಡನೆಯದು ಎದ್ದು ನಿಲ್ಲುತ್ತದೆ, ಹಲವು ಬಾರಿ ಅದೇ ಬಾಯಿಂದ. 41 ಎಂದು ಹೇಳಿ ಕೈಗೆ 5 ಮೆಗಾಪಿಕ್ಸೆಲ್‌ನ ಚಿತ್ರ ಕೊಡುತ್ತಾರೆ, ಇದು ಮೋಸವಲ್ಲವೇ ಎಂದು. ಹಿಂದಿನ ವಾಕ್ಯದಲ್ಲಿ ಪಿಕ್ಸೆಲ್ ಅತಿಯಾಯಿತು ಎಂದವರಿಗೆ ಈ ವಾಕ್ಯದಲ್ಲಿ ಅದು ಕಡಿಮೆಯಾಗಿದೆ. ಎರಡರಲ್ಲಿ ಒಂದನ್ನು ಅವರು ಆರಿಸಿಕೊಳ್ಳಲಿ. ಅಷ್ಟರೊಳಗೆ ಅಲ್ಲಿ ನಿಜವಾಗಿ ನಡೆಯುವುದೇನು ಎಂಬುದನ್ನು ನೋಡೋಣ, ಏಕೆಂದರೆ ಈ ಫೋನಿನ ಜೀವ ಇರುವುದೇ ಇಲ್ಲಿ.

ಸೆನ್ಸರಿನ ಒಟ್ಟು ಪಿಕ್ಸೆಲ್‌ಗಳಲ್ಲಿ 4:3 ಅನುಪಾತದ ಚಿತ್ರಕ್ಕೆ ಒದಗುವುದು 38 ಮೆಗಾಪಿಕ್ಸೆಲ್. ಪ್ಯೂರ್‌ವ್ಯೂ ವಿಧಾನದಲ್ಲಿ ಅಕ್ಕಪಕ್ಕದ ಏಳೆಂಟು ಪಿಕ್ಸೆಲ್‌ಗಳ ಮಾಹಿತಿ ಕೂಡಿ ಚಿತ್ರದ ಒಂದು ಪಿಕ್ಸೆಲ್ ಆಗುತ್ತದೆ. ಕಾಳಿಗೆ ಕಾರಣವಾಗುವ ಗದ್ದಲ ಒಂದೊಂದು ಪಿಕ್ಸೆಲ್‌ನಲ್ಲಿ ಒಂದೊಂದು ಥರ ಏರಿಳಿಯುತ್ತದೆ. ನಿಜವಾದ ದೃಶ್ಯದ ಬೆಳಕು ಹಾಗೆ ಏರಿಳಿಯುವುದಿಲ್ಲ. ಏಳನ್ನು ಕೂಡಿಸಿ ಸರಾಸರಿ ತೆಗೆದರೆ ಗದ್ದಲ ಏಳರ ವರ್ಗಮೂಲದಷ್ಟು, ಅಂದರೆ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚೇ ಇಳಿಯುತ್ತದೆ. ಇನ್ನೊಂದು ಲಾಭದ ಬಗ್ಗೆ ಯಾರೂ ಮಾತಾಡುವುದಿಲ್ಲ. ಸಾಮಾನ್ಯ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ, ಉಳಿದೆರಡನ್ನು ಪಕ್ಕದವುಗಳಿಂದ ಊಹಿಸಲಾಗುತ್ತದೆ. 8 ಮೆಗಾಪಿಕ್ಸೆಲ್ ಕ್ಯಾಮೆರಾದ ಪ್ರತಿ ಬಿಂದುವಿನಲ್ಲೂ ಮೂರರಲ್ಲಿ ಎರಡು ಬಣ್ಣ ಊಹೆಯವು. 808ರ 5 ಮೆಗಾಪಿಕ್ಸೆಲ್ ಚಿತ್ರದಲ್ಲಾದರೋ ಪ್ರತಿ ಬಿಂದುವಿಗೂ ಮೂರು ಬಣ್ಣಗಳೂ ಅಳೆದು ಸಿಕ್ಕಿರುತ್ತವೆ. ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿದರೆ ಇದು ಗೊತ್ತಾಗುತ್ತದೆ. ಸೀರೆಯಂಚಿನ ಜರಿಯ ಎಳೆ ಬಿಡಿಬಿಡಿಯಾಗಿ ನಿಲ್ಲುತ್ತದೆ, ಹಂಚಿನ ಸೂರಿನ ಸಾಲು ಕಲಸಿಹೋಗುವುದಿಲ್ಲ. ಇನ್ನು 5 ಮೆಗಾಪಿಕ್ಸೆಲ್ ಸಾಲದೇ ಎಂಬ ಪ್ರಶ್ನೆ. ಅಂದಿನ ಫುಲ್ ಎಚ್‌ಡಿ ಟಿವಿ ತೋರಿಸುತ್ತಿದ್ದುದು 2 ಮೆಗಾಪಿಕ್ಸೆಲ್. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೂ 5 ಮೆಗಾಪಿಕ್ಸೆಲ್ ಎಂಟು ಇಂಚು ಅಗಲದ ಪ್ರತಿಗೆ ಧಾರಾಳ. ಅದೂ ಸಾಲದೆನ್ನುವವರು ಮೆನುವಿನಲ್ಲಿ ಒಂದು ಹೆಜ್ಜೆ ಇಟ್ಟರೆ 38 ಮೆಗಾಪಿಕ್ಸೆಲ್‌ನ ಪೂರ್ಣ ಚಿತ್ರವೂ ಸಿಗುತ್ತಿತ್ತು. ಬೇಕಾದವರಿಗೆ ಎರಡೂ ಕೊಟ್ಟಿದ್ದನ್ನು ಮೋಸ ಎನ್ನುವುದು ಹೇಗೆ?

ಜೂಮ್ ಬಗ್ಗೆಯೂ ಇಂಥದ್ದೇ ಮಾತು. ಲೆನ್ಸ್ ಅಲುಗುವುದಿಲ್ಲ, ಹಾಗಾಗಿ ಅದು ಬರೀ ಡಿಜಿಟಲ್ ಜೂಮ್, ಚಿತ್ರವನ್ನು ಕತ್ತರಿಸಿ ಹಿಗ್ಗಿಸುವ ಕಣ್ಕಟ್ಟು ಎಂಬುದು ಆಕ್ಷೇಪ. ಕತ್ತರಿಸುತ್ತದೆ, ನಿಜ. ಹಿಗ್ಗಿಸುವುದಿಲ್ಲ. ವಿಡಿಯೊದ ಲೆಕ್ಕವನ್ನೇ ತೆಗೆದುಕೊಳ್ಳಿ: 16:9ರಲ್ಲಿ ಸೆನ್ಸರಿನ ಅಗಲ 7,728 ಪಿಕ್ಸೆಲ್, ಫುಲ್ ಎಚ್‌ಡಿ ವಿಡಿಯೊದ ಅಗಲ 1,920. ಭಾಗಿಸಿದರೆ ನಾಲ್ಕು. ಅಂದರೆ ನಾಲ್ಕು ಪಟ್ಟು ಹತ್ತಿರ ಹೋಗುವವರೆಗೂ ಇಲ್ಲದ ಪಿಕ್ಸೆಲ್ ಒಂದನ್ನೂ ಸೃಷ್ಟಿಸಬೇಕಿಲ್ಲ. ಅದರಾಚೆ ಫೋನು ತಾನಾಗಿಯೇ ನಿಲ್ಲುತ್ತದೆ. ಇದೇ ಉಪಾಯವನ್ನು 2022ರಲ್ಲಿ ಆಪಲ್ ತನ್ನ ಐಫೋನ್ 14 ಪ್ರೊದಲ್ಲಿ ತಂದಿತು. 48 ಮೆಗಾಪಿಕ್ಸೆಲ್ ಸೆನ್ಸರಿನ ನಡುವಿನ 12 ಮೆಗಾಪಿಕ್ಸೆಲ್ ಬಳಸಿ ಎರಡು ಪಟ್ಟು ‘ಟೆಲಿಫೋಟೊ’ ಎಂದಿತು. ಆಗ ಇದನ್ನು ಜಾಣತನ ಎಂದು ಮೆಚ್ಚಿದವರು ಹತ್ತು ವರ್ಷ ಹಿಂದಿನ ನಾಲ್ಕು ಪಟ್ಟನ್ನು ಕಣ್ಕಟ್ಟು ಎಂದಿದ್ದು ಯಾವ ನ್ಯಾಯ?

ಬೆನ್ನಿನ ಉಬ್ಬಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 808 ದಪ್ಪ, 13.9 ಮಿಲಿಮೀಟರ್; ಕ್ಯಾಮೆರಾ ಇರುವಲ್ಲಿ ಇನ್ನೂ ದಪ್ಪ. ತೂಕ 169 ಗ್ರಾಂ. ಜೇಬಿನಲ್ಲಿ ಅದು ಇದೆಯೆಂದು ಗೊತ್ತಾಗುತ್ತಿತ್ತು, ಒಪ್ಪಿದೆ. ದೊಡ್ಡ ಸೆನ್ಸರಿಗೆ ಬೆಳಕು ಹರಡಬೇಕಾದರೆ ಲೆನ್ಸ್ ಅದರಿಂದ ಅಷ್ಟು ದೂರ ನಿಲ್ಲಲೇಬೇಕು. ಅದು ಬೆಳಕಿನ ಗುಣ, ವಿನ್ಯಾಸಕಾರರ ಆಲಸ್ಯವಲ್ಲ. ಅಂದು ಇದನ್ನು ಇಟ್ಟಿಗೆ ಎಂದು ಕರೆದವರು 2021ರಲ್ಲಿ 234 ಗ್ರಾಂ ತೂಗುವ, ಬೆನ್ನಿನ ಮೇಲೆ ಅಡ್ಡಡ್ಡ ದಿಣ್ಣೆಯನ್ನೇ ಹೊತ್ತ ಶಿಯೋಮಿ ಎಂಐ 11 ಅಲ್ಟ್ರಾವನ್ನು ಕೈಗೆತ್ತಿಕೊಂಡು ಕ್ಯಾಮೆರಾಗಾಗಿ ಇಷ್ಟು ಸಹಿಸಬಹುದು ಎಂದರು. 240 ಗ್ರಾಂನ ಐಫೋನ್ 14 ಪ್ರೊ ಮ್ಯಾಕ್ಸ್‌ಗೂ ಅದೇ ಮಾತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಇನ್ನು ಪ್ರೊಸೆಸರ್. ಎದುರಾಳಿಗಳ ಕೈಯಲ್ಲಿ ನಾಲ್ಕು ಕೋರ್‌ಗಳು ಓಡುತ್ತಿದ್ದಾಗ 808ರಲ್ಲಿದ್ದುದು 1.3 ಗಿಗಾಹರ್ಟ್ಸ್‌ನ ಒಂದೇ ಕೋರ್, 512 ಎಂಬಿ ರಾಮ್. ಇಂಥ ಬಡ ಯಂತ್ರ ಮಲ್ಟಿಮೀಡಿಯಾ ಫೋನು ಹೇಗಾದೀತು ಎಂದು ಕೇಳಿದರು. ಇಲ್ಲಿ ಸಂಖ್ಯೆಯ ಬಗೆಗಿನ ಅವರ ನಿಲುವು ಹೇಗೆ ಮಗುಚಿತು ನೋಡಿ. ಕ್ಯಾಮೆರಾದ ಸಂಖ್ಯೆ ದೊಡ್ಡದಾದರೆ ಬೂಟಾಟಿಕೆ, ಪ್ರೊಸೆಸರಿನ ಸಂಖ್ಯೆ ಚಿಕ್ಕದಾದರೆ ಅಪರಾಧ! ಫುಲ್ ಎಚ್‌ಡಿ ವಿಡಿಯೊ ತೆಗೆಯುವಾಗ ಈ ಫೋನು ಒಂದೊಂದು ಚೌಕಟ್ಟಿನಲ್ಲೂ 3.4 ಕೋಟಿ ಪಿಕ್ಸೆಲ್ ಓದಿ, ಕೂಡಿಸಿ, ಕುಗ್ಗಿಸುತ್ತದೆ. ಸೆಕೆಂಡಿಗೆ 30 ಚೌಕಟ್ಟು. ಅಂದರೆ ಸೆಕೆಂಡಿಗೆ ನೂರು ಕೋಟಿಗೂ ಹೆಚ್ಚು ಪಿಕ್ಸೆಲ್. ಒಂಟಿ ಕೋರಿನ ತಲೆಗೆ ಈ ಹೊರೆ ಕಟ್ಟಿರಲೇ ಇಲ್ಲ. ಅದಕ್ಕೆಂದೇ ಪ್ರತ್ಯೇಕ ಚಿಪ್ ಇಟ್ಟಿದ್ದರು, ಪಿಕ್ಸೆಲ್‌ಗಳು ಮುಖ್ಯ ಪ್ರೊಸೆಸರಿನ ಬಾಗಿಲಿಗೆ ಬರುವ ಮೊದಲೇ ಕುಗ್ಗಿರುತ್ತಿದ್ದವು. ಈ ಕೆಲಸವನ್ನು ಅಂದಿನ ಯಾವ ನಾಲ್ಕು ಕೋರಿನ ಫೋನೂ ಮಾಡುತ್ತಿರಲಿಲ್ಲ. ಮಾಡುವ ಕೆಲಸಕ್ಕೆ ತಕ್ಕ ಯಂತ್ರ ಇದೆಯೇ ಎಂದು ಕೇಳಬೇಕಾದಲ್ಲಿ ಕೋರ್‌ಗಳನ್ನು ಎಣಿಸುತ್ತ ಕೂತರು.

ಪರದೆಯ ವಿಷಯದಲ್ಲಿ ಮಾತ್ರ ಆರೋಪ ನಿಲ್ಲುತ್ತದೆ. ನಾಲ್ಕು ಇಂಚಿನ ಪರದೆಗೆ 640×360 ಸಾಲದು. ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು, ತೆಗೆದ ಚಿತ್ರದ ಸೊಗಸು ಅದೇ ಫೋನಿನಲ್ಲಿ ಪೂರ್ತಿ ಕಾಣುತ್ತಿರಲಿಲ್ಲ. ಆಮೋಲೆಡ್ ಪರದೆಗೆ ಕ್ಲಿಯರ್‌ಬ್ಲ್ಯಾಕ್ ಪದರ ಇದ್ದುದರಿಂದ ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ಚೌಕಟ್ಟು ಹೊಂದಿಸಲು ಆಗುತ್ತಿತ್ತು ಎಂಬುದು ನಿಜ. ಅಷ್ಟರಿಂದ ಕೊರತೆ ಮುಚ್ಚುವುದಿಲ್ಲ.

ಈ ಫೋನನ್ನು ನಡೆಸುತ್ತಿದ್ದ ಸಿಂಬಿಯನ್ ಸತ್ತ ವ್ಯವಸ್ಥೆ, ಆ್ಯಪ್‌ಗಳಿಲ್ಲ ಎಂಬುದು ಮುಂದಿನದು. ಅರ್ಧ ನಿಜ. ಇನ್‌ಸ್ಟಾಗ್ರಾಂ ಅದಕ್ಕೆ ಬರಲೇ ಇಲ್ಲ, 2014ರ ಆರಂಭದಿಂದ ನೋಕಿಯಾ ಸ್ಟೋರ್ ಹೊಸ ಸಿಂಬಿಯನ್ ಆ್ಯಪ್‌ಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು, ಬ್ರೌಸರ್ ತೆವಳುತ್ತಿತ್ತು. ಆದರೆ ‘ಏನೂ ಇಲ್ಲ’ ಎಂದಾಗ ಮರೆಸಿದ್ದು ಬಹಳ. ನಮ್ಮಲ್ಲಿ ಹೆಚ್ಚಿನವರಿಗೆ ಫೋನು ಎಂದರೆ ವಾಟ್ಸ್ಆ್ಯಪ್. ಅದು ಸಿಂಬಿಯನ್‌ನಲ್ಲಿ 2017ರ ಜೂನ್ ಕೊನೆಯವರೆಗೂ ಓಡಿತು. ನಕಾಶೆಯ ಮಾತಿಗೆ ಬಂದರೆ, ನೋಕಿಯಾ 2010ರಲ್ಲೇ ದಾರಿ ಹೇಳುವ ಸೇವೆಯನ್ನು ಉಚಿತ ಮಾಡಿತ್ತು. ನಕಾಶೆಯನ್ನು ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಬೇಕಿರಲಿಲ್ಲ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಸಿಗ್ನಲ್ ಕಡ್ಡಿಗಳು ಮಾಯವಾದ ಮೇಲೂ 808 ಮುಂದಿನ ತಿರುವು ಹೇಳುತ್ತಿತ್ತು. ಗೂಗಲ್ ಮ್ಯಾಪ್ಸ್ ನೆಟ್ ಇಲ್ಲದೆ ತಿರುವು ತಿರುವಿಗೂ ದಾರಿ ಹೇಳಲು ಕಲಿತದ್ದು 2015ರ ಕೊನೆಗೆ. ‘ಸತ್ತ ವ್ಯವಸ್ಥೆ’ಗೆ ಅದು ಐದು ವರ್ಷ ಮೊದಲೇ ಬಂದಿತ್ತು.

‘ಚಿತ್ರವೇ ಬೇಕಿದ್ದರೆ ಅದೇ ದುಡ್ಡಿಗೆ ಒಳ್ಳೆಯ ಕ್ಯಾಮೆರಾ ಬರುತ್ತಿತ್ತು’ ಎಂದು ಗೆದ್ದವರ ಧಾಟಿಯಲ್ಲಿ ಹೇಳುವವರಿದ್ದಾರೆ. 2012ರ ಜೂನ್‌ನಲ್ಲಿ ಭಾರತದಲ್ಲಿ ಇದರ ಬೆಲೆ 33,899 ರೂಪಾಯಿ. ಆ ಹಣಕ್ಕೆ ಆರಂಭಿಕ ಹಂತದ ಡಿಎಸ್‌ಎಲ್‌ಆರ್ ಬರುತ್ತಿತ್ತು, ಚಿತ್ರದ ಗುಣದಲ್ಲಿ ಅದೇ ಮೇಲು. ಆದರೆ ಈ ಬಾಣ 808ಕ್ಕೆ ಮಾತ್ರ ನಾಟುವುದಿಲ್ಲ, ಕ್ಯಾಮೆರಾ ಇರುವ ಎಲ್ಲ ದುಬಾರಿ ಫೋನುಗಳಿಗೂ ನಾಟುತ್ತದೆ. ಐಫೋನ್ 4ಎಸ್‌ನ 16 ಜಿಬಿ ಮಾದರಿ ಅದಕ್ಕೂ ಆರೇಳು ತಿಂಗಳ ಹಿಂದೆ ಇಲ್ಲಿ 44,500 ರೂಪಾಯಿಗೆ ಬಂದಿತ್ತು. ಹತ್ತು ಸಾವಿರ ಹೆಚ್ಚು ತೆತ್ತು ಸಣ್ಣ ಸೆನ್ಸರ್ ಕೊಂಡವರಿಗೆ ‘ಕ್ಯಾಮೆರಾ ಕೊಳ್ಳಬಾರದಿತ್ತೇ’ ಎಂದು ಯಾರೂ ಬುದ್ಧಿ ಹೇಳಲಿಲ್ಲ. ಮನೆಯಲ್ಲಿ ಮಗು ಮೊದಲ ಹೆಜ್ಜೆ ಇಟ್ಟಾಗ ಡಿಎಸ್‌ಎಲ್‌ಆರ್ ಬೀರುವಿನಲ್ಲಿರುತ್ತದೆ, ಫೋನು ಕೈಯಲ್ಲಿರುತ್ತದೆ. 808ರ ಕ್ಸೆನಾನ್ ಫ್ಲ್ಯಾಶ್ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಮಿಂಚಿ ಆ ಹೆಜ್ಜೆಯನ್ನು ಅಲುಗದಂತೆ ಹಿಡಿಯುತ್ತಿತ್ತು. ಇಂದಿನ ಫೋನುಗಳ ಎಲ್‌ಇಡಿ ಫ್ಲ್ಯಾಶ್‌ಗೂ ಅದು ಸಾಧ್ಯವಿಲ್ಲ.

ಆರೋಪಪಟ್ಟಿಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದು ಕೆಲವೊಮ್ಮೆ ಹೆಚ್ಚು ಹೇಳುತ್ತದೆ. ಮಲ್ಟಿಮೀಡಿಯಾ ಫೋನಿನ ವಿಮರ್ಶೆಯಲ್ಲಿ ಧ್ವನಿಮುದ್ರಣದ ಬಗ್ಗೆ ಒಂದು ಸಾಲೂ ಇಲ್ಲದಿರುವುದು ಹೇಗೆ ಸಾಧ್ಯ? 140 ಡೆಸಿಬೆಲ್‌ವರೆಗಿನ ಸದ್ದನ್ನು ಒಡೆಯದೆ ಸ್ಟೀರಿಯೊದಲ್ಲಿ ಹಿಡಿಯಬಲ್ಲ ಫೋನು ಎಂದು ನೋಕಿಯಾ ಹೇಳಿತ್ತು. ಆ ಸಂಖ್ಯೆಯನ್ನು ಒರೆಗೆ ಹಚ್ಚಲು ಪ್ರಯೋಗಶಾಲೆ ಬೇಡ, ತೆಂಕುತಿಟ್ಟಿನ ಒಂದು ಯಕ್ಷಗಾನ ಆಟಕ್ಕೆ ಹೋಗಿ ರಂಗಸ್ಥಳದ ಬದಿಯಲ್ಲಿ ಕೂತರೆ ಸಾಕು. ಯುದ್ಧದ ಸನ್ನಿವೇಶ ಬಂದು ಚೆಂಡೆಯ ಪೆಟ್ಟು ಬಿಗಿಯಾದಾಗ ಅಂದಿನ ಬಹುತೇಕ ಫೋನುಗಳಲ್ಲಿ ಉಳಿಯುತ್ತಿದ್ದುದು ಒಂದು ದಪ್ಪ ಗರಗರ. ಭಾಗವತರ ಪದ ಅದರಡಿ ಹೂತುಹೋಗುತ್ತಿತ್ತು. 808ರಲ್ಲಿ ಹಿಡಿದ ಮುದ್ರಣದಲ್ಲಿ ಚೆಂಡೆಯ ಒಂದೊಂದು ಪೆಟ್ಟೂ ಬಿಡಿಯಾಗಿ ಕೇಳುತ್ತದೆ, ಪೆಟ್ಟುಗಳ ನಡುವೆ ಜಾಗಟೆಯ ಅನುರಣನ ಉಳಿಯುತ್ತದೆ, ಮದ್ದಳೆ ಬೇರೆಯಾಗಿ ನಿಲ್ಲುತ್ತದೆ, ಪದದ ಮಾತು ಅರ್ಥವಾಗುತ್ತದೆ. ಆಟವನ್ನು ಮನೆಗೆ ತಂದು ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ ಜೋಡಿಸಬಹುದಿತ್ತು. ಎಫ್‌ಎಂ ಟ್ರಾನ್ಸ್‌ಮಿಟರ್ ಇದ್ದುದರಿಂದ ಬ್ಲೂಟೂತ್ ಇಲ್ಲದ ಹಳೆ ಕಾರಿನ ರೇಡಿಯೊದಲ್ಲೂ ಕೇಳಬಹುದಿತ್ತು. ಮೆಮೊರಿ ಕಾರ್ಡ್ ತುಂಬಿದರೆ ಬದಲಿಸಬಹುದಿತ್ತು, ಬ್ಯಾಟರಿಯನ್ನೂ. ಇಷ್ಟೂ ಫೋನಿನ ಕಡೆಯ ಲೆಕ್ಕವೇ, ಕ್ಯಾಮೆರಾದ್ದಲ್ಲ. ‘ಫೋನು ಕೆಟ್ಟದು’ ಎಂದವರು ಇದರಲ್ಲಿ ಯಾವುದನ್ನು ಎಣಿಸಿದ್ದರು?

ಇನ್ನೂ ಒಂದು ಸಂಗತಿ. ಈ ಫೋನಿಗೆ ನಿಜವಾದ ದೋಷಗಳಿದ್ದವು, ಅವು ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಹದಿನೈದು ಸೆಂಟಿಮೀಟರಿಗಿಂತ ಹತ್ತಿರದ ವಸ್ತುವಿಗೆ ಅದು ಫೋಕಸ್ ಆಗುತ್ತಿರಲಿಲ್ಲ. ತುಂಬೆ ಹೂವಿನ ಮೇಲೆ ಕೂತ ಇರುವೆಯ ಚಿತ್ರ ಬೇಕೆಂದರೆ ದೂರದಿಂದ ಜೂಮ್ ಹಾಕಿ ತೆಗೆಯುವ ಉಪಾಯ ಕಲಿಯಬೇಕಿತ್ತು. ಸೆನ್ಸರ್ ದೊಡ್ಡದಾದ್ದರಿಂದ ಸ್ಪಷ್ಟವಾಗಿ ಕಾಣುವ ಆಳ ಕಡಿಮೆ, ಪುಸ್ತಕದ ಪುಟವನ್ನು ತುಸು ಓರೆಯಾಗಿ ಹಿಡಿದರೆ ಮೂಲೆಯ ಸಾಲು ಮಸುಕು. ಕೈನಡುಕ ತಡೆಯುವ ಆಪ್ಟಿಕಲ್ ವ್ಯವಸ್ಥೆ ಇಲ್ಲ, ಹಾಗಾಗಿ ರಾತ್ರಿಯ ರಸ್ತೆಯಲ್ಲಿ ಉಸಿರು ಬಿಗಿಹಿಡಿದು ಒತ್ತಬೇಕು. ಮುಂದಿನ ಕ್ಯಾಮೆರಾ ಬರೀ ವಿಜಿಎ. ಒಂದು ವಾರ ಬಳಸಿದವನಿಗೂ ಇವು ಕಾಣದಿರಲು ಸಾಧ್ಯವಿಲ್ಲ. ಬಳಸದೆ ವಿವರಪಟ್ಟಿ ಓದಿ ತೀರ್ಪು ಬರೆದರೆ ಮಾತ್ರ ಕೋರ್ ಎಷ್ಟು, ದಪ್ಪ ಎಷ್ಟು ಎಂಬುದಷ್ಟೇ ಕಣ್ಣಿಗೆ ಬೀಳುತ್ತದೆ.

ಹೊಸ ಕಾಲದ ಆಕ್ಷೇಪಕ್ಕೆ ಬರೋಣ. ಈಗ ಚಿತ್ರ ಮಾಡುವುದು ಸಾಫ್ಟ್‌ವೇರ್. ಗೂಗಲ್‌ನ ಪಿಕ್ಸೆಲ್ ಫೋನುಗಳು 12 ಮೆಗಾಪಿಕ್ಸೆಲ್‌ನ ಸಣ್ಣ ಸೆನ್ಸರಿನಲ್ಲೇ ಅದ್ಭುತ ತೋರಿಸಿದವು, ದೊಡ್ಡ ಸೆನ್ಸರಿನ ಹಾದಿ ವ್ಯರ್ಥ ಎಂಬ ವಾದ. ಪಿಕ್ಸೆಲ್ ಮಾಡಿದ್ದೇನು? ಹಲವು ಚೌಕಟ್ಟುಗಳನ್ನು ಬೆನ್ನುಬೆನ್ನಿಗೆ ಹಿಡಿದು ಕೂಡಿಸಿತು, ಹಾಗೆ ಗದ್ದಲ ತಗ್ಗಿಸಿತು. ಕೂಡಿಸಿ ತಗ್ಗಿಸುವುದು 808ರದೇ ತತ್ವ. ಒಂದು ಅಕ್ಕಪಕ್ಕದ ಜಾಗದಲ್ಲಿ ಕೂಡಿಸುತ್ತದೆ, ಇನ್ನೊಂದು ಹಿಂದುಮುಂದಿನ ಕ್ಷಣಗಳಲ್ಲಿ. ಎರಡನೆಯದಕ್ಕೆ ದೊಡ್ಡ ಲೆನ್ಸ್ ಬೇಕಿಲ್ಲ ಎಂಬ ಅನುಕೂಲವಿದೆ. ಚೌಕಟ್ಟುಗಳ ನಡುವೆ ವಸ್ತು ಜರುಗಿದರೆ ಸರಿಹೊಂದಿಸಬೇಕಾದ ಪಾಡೂ ಇದೆ. ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ. ಇದಕ್ಕೆ ಸಾಕ್ಷಿ ಹೇಳಿದ್ದು ಗೂಗಲ್ಲೇ. 2021ರ ಪಿಕ್ಸೆಲ್ 6ಕ್ಕೆ ಅದು ಹಾಕಿದ್ದು 50 ಮೆಗಾಪಿಕ್ಸೆಲ್‌ನ, 1/1.31 ಇಂಚಿನ ಸೆನ್ಸರ್, ನಾಲ್ಕು ಪಿಕ್ಸೆಲ್ ಕೂಡಿಸಿ ಒಂದು ಮಾಡುವ ವಿಧಾನ. ಸಾಫ್ಟ್‌ವೇರ್ ಸಾಕು ಎಂಬವರು ಯಾರ ಹೆಸರಲ್ಲಿ ವಾದಿಸುತ್ತಿದ್ದರೋ ಅವರೇ ಸಾಲದು ಎಂದರು. ಆಗಲೂ ಅವರ ಸೆನ್ಸರ್ 808ರದಕ್ಕಿಂತ ಚಿಕ್ಕದೇ.

ಕೊನೆಯದು, ಎಲ್ಲ ವಾದ ಸೋತ ಮೇಲೆ ಹೊರಬರುವುದು: ಮಾರುಕಟ್ಟೆ ತಿರಸ್ಕರಿಸಿತು, ಆದ್ದರಿಂದ ಆ ಪರಿಕಲ್ಪನೆಯೇ ತಪ್ಪು. ದಿನಾಂಕಗಳನ್ನು ಸಾಲಾಗಿ ಇಡೋಣ. 2011ರ ಫೆಬ್ರವರಿ 11ರಂದು ಸ್ಟೀಫನ್ ಇಲಾಪ್ ನೇತೃತ್ವದ ನೋಕಿಯಾ ತನ್ನ ಮುಂದಿನ ಹಾದಿ ವಿಂಡೋಸ್ ಫೋನ್ ಎಂದು ಸಾರಿತು. ಸಿಂಬಿಯನ್‌ಗೆ ಭವಿಷ್ಯವಿಲ್ಲವೆಂದು ತಯಾರಕರೇ ಜಗತ್ತಿಗೆ ಹೇಳಿ ಒಂದು ವರ್ಷ ಕಳೆದ ಮೇಲೆ 808 ಬಂತು. 2013ರ ಜನವರಿಯಲ್ಲಿ ಅದೇ ಕೊನೆಯ ಸಿಂಬಿಯನ್ ಫೋನೆಂದು ಕಂಪನಿ ಒಪ್ಪಿಕೊಂಡಿತು. ಮನೆಯವರೇ ಬೇಡವೆಂದ ವ್ಯವಸ್ಥೆಯ ಮೇಲೆ ಮೂವತ್ಮೂರು ಸಾವಿರ ಸುರಿಯಲು ಜನ ಹಿಂಜರಿದರು. ಅದು ಅವರ ವಿವೇಕ. ಅದಕ್ಕೆ ಕ್ಯಾಮೆರಾದ ತಲೆ ಕೇಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. 2013ರ ಜುಲೈನಲ್ಲಿ ಅದೇ 41 ಮೆಗಾಪಿಕ್ಸೆಲ್ ಪರಿಕಲ್ಪನೆಯನ್ನು ಲೂಮಿಯಾ 1020ರಲ್ಲಿ ವಿಂಡೋಸ್ ಫೋನ್‌ಗೆ ತಂದರು. ಸೆನ್ಸರನ್ನು 1/1.5 ಇಂಚಿಗೆ ಇಳಿಸಿದರು, ದಪ್ಪ 10.4 ಮಿಲಿಮೀಟರಿಗೆ ಬಂತು, ಕೈನಡುಕ ತಡೆಯುವ ವ್ಯವಸ್ಥೆ ಸೇರಿತು; ಮೆಮೊರಿ ಕಾರ್ಡ್ ಮತ್ತು ಬದಲಿಸಬಹುದಾದ ಬ್ಯಾಟರಿ ಹೋದವು. 2017ರ ಜುಲೈ 11ಕ್ಕೆ ವಿಂಡೋಸ್ ಫೋನ್ 8.1ರ ಬೆಂಬಲವೂ ನಿಂತಿತು. ಆ ಸೋಲಿಗೆ ಯಾರೂ ಲೂಮಿಯಾದ ಲೆನ್ಸನ್ನು ದೂರಲಿಲ್ಲ. ಆ್ಯಪ್‌ಗಳು ಬರಲಿಲ್ಲ, ವ್ಯವಸ್ಥೆ ಗೆಲ್ಲಲಿಲ್ಲ ಎಂದು ಸರಿಯಾಗಿಯೇ ಬರೆದರು. 808ರ ವಿಷಯದಲ್ಲೂ ಅದನ್ನೇ ಬರೆಯಬೇಕಿತ್ತು.